ಒಂದು ವರಸೆ ಕಲ್ಲು

ಸಾಹೇಬರು ತೀರಿಕೊಂಡ ಸುದ್ದಿ ಇಲಾಖೆಯ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಕೊರಟಗೆರೆ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ನೋಡನೋಡುತ್ತ ಕೈ ಮುಗಿದ ಚಿತ್ರಗಳು ಸಾಲುಗಟ್ಟಿದವು. 'ಓಂ ಶಾಂತಿ', 'ದಕ್ಷ ಅಧಿಕಾರಿ', 'ತುಂಬಲಾರದ ನಷ್ಟ'. ಅವರು ನಿವೃತ್ತರಾದ ದಿನ ಒಂದು ಹಾರ ತರಿಸಲು ಕಚೇರಿಯಲ್ಲಿ ಯಾರೂ ಮುಂದೆ ಬಂದಿರಲಿಲ್ಲ. ಅಂದು ಬೇಕೆಂದೇ ರಜೆ ಹಾಕಿದವರು ಇಂದು ಎಲ್ಲರಿಗಿಂತ ಮೊದಲು ಕೈ ಮುಗಿದಿದ್ದರು. ನನಗೆ ಮೈಯೆಲ್ಲ ಉರಿಯಿತು. ಉರಿದುಕೊಂಡೇ ನಾನೂ ಒಂದು ಕೈ ಮುಗಿದ ಚಿತ್ರ ಹಾಕಿ ಬಸ್ಸು ಹತ್ತಿದೆ. ನಾನೇನು ಅವರಿಗಿಂತ ಸಾಚಾ ಅಲ್ಲ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಕಲ್ಲಿನ ಮೇಲೆ, ಫಲಕದ ಮೇಲೆ ಹೆಸರು ಕೆತ್ತಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಪಾವಗಡದ ಕಡೆಯವರು. ಮನೆಮಾತು ತೆಲುಗೋ ಕನ್ನಡವೋ ಅವರಿಗೇ ಸರಿಯಾಗಿ ಗೊತ್ತಿದ್ದಂತಿರಲಿಲ್ಲ. ಖುಷಿಯಾದರೆ ಕನ್ನಡ, ಸಿಟ್ಟು ಬಂದರೆ ತೆಲುಗು. ಕುಳ್ಳು ಆಳು. ಅಂಗಿಯ ಜೇಬಿನಲ್ಲಿ ಆರು ಇಂಚಿನ ಒಂದು ಸ್ಟೀಲ್ ಸ್ಕೇಲು ಸದಾ ಇರುತ್ತಿತ್ತು. ಅದರಲ್ಲೇ ಬಿರುಕು ಅಳೆಯುವುದು, ಅದರಲ್ಲೇ ಸೌತೆಕಾಯಿ ಹೆಚ್ಚುವುದು, ಮೀಟಿಂಗಿನಲ್ಲಿ ಬೇಜಾರಾದರೆ ಅದರಲ್ಲೇ ಬೆನ್ನು ಕೆರೆದುಕೊಳ್ಳುವುದು. ಜಿಲ್ಲಾ ಕಚೇರಿಯ ದೊಡ್ಡ ಸಾಹೇಬರ ಎದುರೂ ಕೆರೆದುಕೊಂಡಿದ್ದನ್ನು ನಾನೇ ಕಂಡಿದ್ದೇನೆ.

ನಾನು ಕಿರಿಯ ಎಂಜಿನಿಯರ್ ಆಗಿ ಅವರ ಕೈಕೆಳಗೆ ಸೇರಿದ ದಿನ, ಫೈಲಿನಿಂದ ತಲೆಯೆತ್ತದೆ, "ಏಮಮ್ಮಾ, ಬಿಸಿಲಿಗೆ ತಲೆನೋವು ಬರುತ್ತಾ?" ಎಂದರು.

"ಇಲ್ಲ ಸಾರ್."

"ಬರುತ್ತೆ. ಟೋಪಿ ತಗೊ. ಕುರ್ಚಿ ಆಮೇಲೆ ಕೊಡ್ಸೋಣ."

ಕುರ್ಚಿ ಸಿಗಲು ಮೂರು ತಿಂಗಳಾಯಿತು. ಅಷ್ಟರಲ್ಲಿ ಅವರ ಹಿಂದೆ ಕೆರೆ ಕೆರೆ ತಿರುಗಿ ನನ್ನ ಬಣ್ಣ ಎರಡು ಸುತ್ತು ಇಳಿದಿತ್ತು. ಯಾವ ಕೆರೆಗೆ ಹೋದರೂ ಅವರು ಮೊದಲು ಮಾಡುತ್ತಿದ್ದುದು ಒಂದೇ ಕೆಲಸ. ಏರಿಯ ಹಿಂಬದಿಗೆ ಇಳಿದು, ಚಪ್ಪಲಿ ಬಿಟ್ಟು, ಏರಿಯ ಬುಡದುದ್ದಕ್ಕೂ ಬರಿಗಾಲಲ್ಲಿ ನಡೆಯುವುದು. ಊರವರು ಇದನ್ನು ಗಂಗಮ್ಮನ ಮೇಲಿನ ಭಕ್ತಿ ಎಂದು ತಿಳಿದಿದ್ದರು. ತೋವಿನಕೆರೆಯ ಹತ್ತಿರ ಒಬ್ಬ ಮುದುಕಿ ಅವರ ಹಿಂದೆಯೇ ಬಂದು ಅವರು ನಿಂತಲ್ಲೆಲ್ಲ ಕುಂಕುಮ ಹಾಕಿದ್ದಳು. ಅವರು ಹುಡುಕುತ್ತಿದ್ದದ್ದು ತೇವವನ್ನು. ಏರಿಯೊಳಗಿಂದ ನೀರು ಜಿನುಗುತ್ತಿದ್ದರೆ ಕಣ್ಣಿಗೆ ಕಾಣುವ ಮೊದಲೇ ಅಂಗಾಲಿಗೆ ತಿಳಿಯುತ್ತದೆ ಎನ್ನುತ್ತಿದ್ದರು. ಮುದುಕಿ ಹಾಕಿದ ಕುಂಕುಮ ಒಂದೆಡೆ ಕರಗಿ ಹರಿದಾಗ ಅವರ ಮುಖ ಬಿಳಿಚಿಕೊಂಡಿತು. ಆ ಏರಿಯನ್ನು ಹದಿನೈದು ದಿನದಲ್ಲಿ ಅಗೆಸಿ ಜೇಡಿಮಣ್ಣು ತುಂಬಿಸಿದರು.

ಜನರನ್ನು ಪ್ರಶ್ನೆ ಕೇಳುವ ಅವರ ರೀತಿಯೂ ಬೇರೆಯೇ. ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ನಾವು ಕೇಳಿದರೆ, ಪರಿಹಾರ ಸಿಗಬಹುದೆಂದು ಆಸೆಪಟ್ಟವನು ಕುತ್ತಿಗೆ ತೋರಿಸುತ್ತಿದ್ದ. ಸೈಟು ಮಾರಬೇಕಿದ್ದವನು ಹಿಮ್ಮಡಿ ತೋರಿಸುತ್ತಿದ್ದ. ಸಾಹೇಬರು ಅದನ್ನು ಕೇಳುತ್ತಲೇ ಇರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅವತ್ತು ರಾಗಿ ಮೂಟೆ ಎಲ್ಲಿಟ್ಟಿರಮ್ಮ?" ಎನ್ನುತ್ತಿದ್ದರು. ಹೆಂಗಸರು ಯೋಚನೆ ಮಾಡದೆ ಕೈ ತೋರಿಸುತ್ತಿದ್ದರು. ಆ ಎತ್ತರಕ್ಕೆ ಗೋಡೆಯ ಮೇಲೆ ಕೆಮ್ಮಣ್ಣಿನ ಗೆರೆ ಎಳೆದು ನನ್ನಿಂದ ಅಳತೆ ಹಾಕಿಸುತ್ತಿದ್ದರು. ಹತ್ತು ಮನೆಯ ಗೆರೆಗಳು ಒಂದೇ ಮಟ್ಟಕ್ಕೆ ಬಂದಾಗ ಅವರಿಗೆ ಆಗುತ್ತಿದ್ದ ಸಂತೋಷ ನೋಡಬೇಕಿತ್ತು.

ಅವರಿಗೆ ಆಗದೇ ಇದ್ದ ಮಾತು ಒಂದೇ: 'ಏನೂ ಆಗಲ್ಲ'. ಮಧುಗಿರಿಯ ಒಬ್ಬ ಗುತ್ತಿಗೆದಾರ ತೂಬಿನ ಬಾಯಲ್ಲಿದ್ದ ಬಿರುಕಿಗೆ ಸಿಮೆಂಟ್ ಬಳಿದು, "ಏನೂ ಆಗಲ್ಲ ಸಾರ್" ಎಂದ.

"ಅದನ್ನ ಕೆರೆ ಹೇಳ್ತೋ, ನೀನು ಹೇಳ್ತಿದೀಯೋ?"

"ನಾನೇ ಸಾರ್ ಹೇಳ್ತಿರೋದು."

"ಹಂಗಾದ್ರೆ ಮಳೆಗಾಲದಲ್ಲಿ ನಿನ್ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಬಂದು ಈ ಏರಿ ಕೆಳಗೆ ಸಂಸಾರ ಹೂಡು. ನಾನು ಬಿಲ್ಲಿಗೆ ಸಹಿ ಹಾಕ್ತೀನಿ."

ಅವನು ಅಂದೇ ಬಿರುಕನ್ನು ಒಡೆದು ಮತ್ತೆ ಕಟ್ಟಿದ.

ಇಷ್ಟು ಹೇಳಿದರೆ ಅವರು ತಪ್ಪೇ ಮಾಡದ ಮನುಷ್ಯ ಎನಿಸಬಹುದು. ಮಾಡಿದ್ದರು. ಅದು ಬಯಲಾದ ದಿನ ನಾನು ಪಕ್ಕದಲ್ಲೇ ಇದ್ದೆ.

ಸಣ್ಣ ಅಣೆಕಟ್ಟುಗಳ ಸುರಕ್ಷತೆಯನ್ನು ಪರಿಶೀಲಿಸಿ ವರದಿ ಕೊಡಿ ಎಂದು ಆ ವರ್ಷ ಮೇಲಿನಿಂದ ಆದೇಶ ಬಂದಿತ್ತು. ಅವರ ನಿವೃತ್ತಿಗೆ ಎಂಟು ತಿಂಗಳಿತ್ತು. ಆದೇಶದಲ್ಲಿ ಅಣೆಕಟ್ಟು, ಊರವರ ಬಾಯಲ್ಲಿ ಕೆರೆ; ವಸ್ತು ಒಂದೇ. ಎಷ್ಟು ದೊಡ್ಡ ಮಳೆ ಬಂದರೆ ಎಷ್ಟು ನೀರು ಬರುತ್ತದೆ, ಅಷ್ಟನ್ನೂ ಕೋಡಿ ಹೊರಗೆ ಬಿಡಬಲ್ಲದೇ, ಅಥವಾ ನೀರು ಏರಿಯ ಮೇಲೆ ಹತ್ತಿ ಏರಿಯೇ ಒಡೆಯುತ್ತದೆಯೇ—ಇದನ್ನು ತಿಳಿಯುವುದು ಕೆಲಸ. ಮೇ ತಿಂಗಳ ಬಿಸಿಲಿನಲ್ಲಿ ಕೊರಟಗೆರೆ ತಾಲ್ಲೂಕಿನ ಒಂದು ಕೆರೆಗೆ ಹೋದೆವು. ಹಳೆಯ ರಿಜಿಸ್ಟರಿನ ಪ್ರಕಾರ ಕೋಡಿಯ ನೆತ್ತಿಯಿಂದ ಏರಿಯ ನೆತ್ತಿಗೆ ಐದು ಅಡಿ. ನಾನು ಲೆವೆಲ್ ಯಂತ್ರವಿಟ್ಟು ನೋಡಿದರೆ ನಾಲ್ಕೇ ಅಡಿ. ಮತ್ತೆ ನೋಡಿದೆ, ನಾಲ್ಕೇ. ಕೋಡಿಯ ಹತ್ತಿರ ಹೋಗಿ ನೋಡಿದಾಗ ಕಾರಣ ಕಂಡಿತು. ಹಳೆಯ ಗಾರೆ ಕಟ್ಟಡದ ಮೇಲೆ, ಒಂದು ತುದಿಯಿಂದ ಇನ್ನೊಂದು ತುದಿಗೆ, ಒಂದು ವರಸೆ, ಅಂದರೆ ಒಂದು ಸಾಲು, ಸೈಜುಗಲ್ಲನ್ನು ಯಾರೋ ಸಿಮೆಂಟಿನಲ್ಲಿ ಕೂರಿಸಿದ್ದರು. ಕೆರೆಯಲ್ಲಿ ಒಂದಡಿ ನೀರು ಹೆಚ್ಚು ನಿಲ್ಲಲಿ ಎಂದು.

ಕಳ್ಳನನ್ನು ಹಿಡಿದ ಹುರುಪು ನನಗೆ. "ಸಾರ್, ಯಾರೋ ಕೋಡಿ ಏರಿಸಿಬಿಟ್ಟಿದಾರೆ! ಕೇಸ್ ಹಾಕಿಸಬೇಕು. ಯಾರು ಮಾಡಿರಬಹುದು ಸಾರ್?"

ಅವರು ಕುಳಿತು ಸ್ಕೇಲಿನಿಂದ ಕಲ್ಲಿನ ಸಂದಿಯನ್ನು ಕೆರೆದು ನೋಡಿದರು. ಆಮೇಲೆ, "ನಾನೇ ಕಣಮ್ಮ" ಎಂದರು.

ಇಪ್ಪತ್ತು ವರ್ಷಗಳ ಹಿಂದೆ ಅವರು ಇದೇ ಭಾಗದಲ್ಲಿ ಕಿರಿಯ ಎಂಜಿನಿಯರ್ ಆಗಿದ್ದರಂತೆ. ಎಷ್ಟೋ ವರ್ಷದ ಮೇಲೆ ಕೆರೆ ತುಂಬಿ ಕೋಡಿ ಬಿದ್ದಿತ್ತು. ಊರವರು ಬಂದು, ನೀರು ಸುಮ್ಮನೆ ಆಂಧ್ರಕ್ಕೆ ಹೋಗುತ್ತಿದೆ, ಒಂದು ವರಸೆ ಕಲ್ಲು ಇಟ್ಟುಕೊಳ್ಳುತ್ತೇವೆ ಎಂದು ಕೈ ಹಿಡಿದರು. ಕಾಗದವಿಲ್ಲ, ಮಂಜೂರಾತಿಯಿಲ್ಲ. ಇವರೇ ಮೇಸ್ತ್ರಿಗೆ ಮಟ್ಟ ತೋರಿಸಿ, ನಿಂತು ಕಟ್ಟಿಸಿದರು.

"ನಿಮಗೆ ಗೊತ್ತಿರಲಿಲ್ವಾ ಸಾರ್?"

"ಗೊತ್ತಿತ್ತು. ಪಾವಗಡದಲ್ಲಿ ಹುಟ್ಟಿದೋನು ನಾನು. ಹೋಗೋ ನೀರು ನೋಡಿದ್ರೆ ಹಾಲು ಉಕ್ಕಿ ಒಲೆಗೆ ಬಿದ್ದಂಗೆ ಆಗುತ್ತೆ. ತಡೀಲಿಲ್ಲ ಕೈ." ಸ್ಕೇಲನ್ನು ಜೇಬಿಗೆ ಹಾಕುತ್ತ, "ಇದೊಂದೇ ಅಲ್ಲ. ಶಿರಾ ಕಡೆ ಒಂದು, ಮಧುಗಿರಿ ಕಡೆ ಒಂದು" ಎಂದರು.

ಅವರು ಕಲ್ಲಿಟ್ಟಾಗ ಏರಿಯ ಕೆಳಗೆ ಹುಲ್ಲುಗಾವಲಿತ್ತು. ಈಗ ಅಲ್ಲಿ ಆಶ್ರಯ ಮನೆಗಳ ಎರಡು ಸಾಲು, ಒಂದು ಅಂಗನವಾಡಿ. ನಾನು ಮನೆ ಎಣಿಸಿ ಬರೆದುಕೊಂಡೆ. ಆ ಕೆರೆಯ ಪ್ರವಾಹದ ಲೆಕ್ಕ ಮಾಡುವ ಕೆಲಸವನ್ನೂ ಅವರು ನನಗೇ ಕೊಟ್ಟರು. ನಾನು ಮಾಡಿದ ಲೆಕ್ಕ ಹೀಗಿತ್ತು: ದೊಡ್ಡ ಮಳೆ ಬಂದರೆ ಕೋಡಿಯ ಮೇಲೆ ಮೂರು ಅಡಿ ನೀರು ಹರಿಯುತ್ತದೆ. ವರಸೆ ಕಿತ್ತರೆ ಏರಿಗೆ ಎರಡಡಿ ಉಳಿಯುತ್ತದೆ. ಕೀಳದಿದ್ದರೆ ಒಂದೇ ಅಡಿ. ಅಲೆ ಎದ್ದರೆ, ಕಸ ಅಡ್ಡ ಸಿಕ್ಕರೆ ಅದೂ ಇಲ್ಲ. ವರಸೆ ಕೀಳಲು ಅನುಮತಿ ಕೋರಿ ಜಿಲ್ಲಾ ಕಚೇರಿಗೆ ಬರೆದೆವು. ಉತ್ತರ ಬರಲಿಲ್ಲ, ಮಳೆ ಬಂತು.

ಮೂರು ದಿನ ಬಿಡದೆ ಹೊಡೆಯಿತು. ಮೇಲಿನ ಕೆರೆ ಕೋಡಿ ಬಿದ್ದು ಆ ನೀರೂ ಇದಕ್ಕೇ ಬರುತ್ತಿತ್ತು. ನಾವು ಬೆಳಿಗ್ಗೆ ಹತ್ತಕ್ಕೆ ತಲುಪಿದಾಗ ನೀರು ಆ ಕಲ್ಲಿನ ನೆತ್ತಿಗೆ ನಾಲ್ಕು ಇಂಚು ಕೆಳಗಿತ್ತು. ಹನ್ನೊಂದಕ್ಕೆ ಮೂರು. ಸಾಹೇಬರು ಜಿಲ್ಲಾ ಕಚೇರಿಗೆ ಫೋನ್ ಮಾಡಿದರು. ದೊಡ್ಡ ಸಾಹೇಬರ ದನಿ ಮಳೆಯಲ್ಲೂ ನನಗೆ ಕೇಳಿಸಿತು: "ಲಿಖಿತ ಆದೇಶ ಇಲ್ಲದೆ ಒಂದು ಕಲ್ಲೂ ಮುಟ್ಟಬೇಡಿ. ಶುಕ್ರವಾರ ಬಾಗಿನಕ್ಕೆ ದೊಡ್ಡವರು ಬರ್ತಾರೆ. ನಾಲ್ಕು ತಿಂಗಳು ಉಳಿದಿದೆ ನಿಮಗೆ, ಸುಮ್ಮನಿರಿ."

ಫೋನ್ ಜೇಬಿಗಿಟ್ಟು ಅವರು ಹಾರೆ ಕೈಗೆ ತೆಗೆದುಕೊಂಡರು. ಅಷ್ಟರಲ್ಲಿ ಊರೇ ಕೋಡಿಯ ಬಳಿ ಸೇರಿತ್ತು. ತೆಂಗಿನ ತೋಟದ ಯಜಮಾನರಾದ ಈರಣ್ಣ ಎಂಬ ಹಿರಿಯರು ನೀರಿನ ಅಂಚಿನಲ್ಲಿ, ಆ ಕಲ್ಲುಗಳ ಮೇಲೆಯೇ ಕಾಲು ಚಾಚಿ ಕುಳಿತುಬಿಟ್ಟರು.

"ಸಾ, ಈ ಕಲ್ಲ ನೀವೇ ನಿಂತ್ಕಂಡು ಇಡ್ಸಿದ್ದು. ನಾನೇ ಎಳ್ನೀರು ಕೆತ್ತಿ ಕೊಟ್ಟಿದ್ದೆ. ಈಗ ನೀವೇ ಕೀಳ್ತೀನಿ ಅಂದ್ರೆ ಹೆಂಗೆ?"

"ಅದಕ್ಕೇ ನಾನೇ ಬಂದಿರೋದು ಈರಣ್ಣ. ಬೇರೆಯೋರನ್ನ ಕಳಿಸಲಿಲ್ಲ."

"ಏನೂ ಆಗಲ್ಲ ಬುಡಿ ಸಾ. ನಮ್ಮಪ್ಪನ ಕಾಲದಿಂದ ನಿಂತೈತೆ ಈ ಏರಿ."

"ನಿಮ್ಮಪ್ಪನ ಕಾಲದಲ್ಲಿ ನೀರು ಹೋಗಕ್ಕೆ ಐದಡಿ ಜಾಗ ಇತ್ತು. ಅದ್ರಲ್ಲಿ ಒಂದಡಿ ನಾನು ಕದ್ದೆ. ವಾಪಸ್ ಕೊಡಕ್ಕೆ ಬಂದಿದೀನಿ, ಏಳು."

"ಏಳಲ್ಲ. ನನ್ ಮ್ಯಾಲೆ ಹಾರೆ ಹಾಕ್ಬುಟ್ಟು ಕೀಳಿ."

ಹಿಂದಿದ್ದವರು ಕೂಗಿದರು. ಯಾರೋ ನನ್ನ ಕೈಯಿಂದ ಅಳತೆ ಕೋಲನ್ನು ಕಿತ್ತು ನೀರಿಗೆ ಎಸೆದರು. ನನಗೆ ಭಯವಾಯಿತು, ಸುಳ್ಳು ಹೇಳುವುದೇಕೆ. ಸಾರ್ ಹೋಗೋಣ ಬನ್ನಿ ಎಂದು ಅವರ ತೋಳು ಹಿಡಿದು ಎಳೆದೆ. ಅವರು ಕದಲದೆ ಗುಂಪಿನಲ್ಲಿ ಕಣ್ಣಾಡಿಸಿ, ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹಿಂದೆ ನಿಂತಿದ್ದ ಒಬ್ಬಳನ್ನು ಕರೆದರು. ಈರಣ್ಣನವರ ಮಗಳು ಲಕ್ಷ್ಮಕ್ಕ. ಏರಿಯ ಕೆಳಗಿನ ಸಾಲಿನಲ್ಲೇ ಅವಳ ಮನೆ.

"ಲಕ್ಷ್ಮಕ್ಕ, ಇವತ್ತು ರಾಗಿ ಮೂಟೆ ಎಲ್ಲಿಟ್ಟಿದೀಯಮ್ಮ?"

ಅವಳು ಅಪ್ಪನನ್ನು ನೋಡಿದಳು, ಆಮೇಲೆ ನೆಲ ನೋಡಿದಳು. "ಬೆಳಗ್ಗೇನೇ ಅಟ್ಟಕ್ಕೆ ಏರ್ಸಿದೀನಿ ಸಾ. ಹೊಲಿಗೆ ಮಿಸನ್ನ ಮಂಚದ ಮ್ಯಾಲಿಟ್ಟಿದೀನಿ."

"ಯಾಕೆ? ನಿಮ್ಮಪ್ಪ ಏನೂ ಆಗಲ್ಲ ಅಂತಿದಾರಲ್ಲ?"

"ಅಪ್ಪಂದು ದಿಣ್ಣೆ ಮ್ಯಾಗಳ ಮನೆ ಸಾ. ನಮ್ದು ಏರಿ ಕೆಳಗೈತೆ."

ಈರಣ್ಣ ಮಗಳ ಮುಖ ನೋಡಿದರು. ಆಮೇಲೆ ಕೈಯೂರಿ ಎದ್ದು, "ಲೇ, ಇನ್ನೆಲ್ಡು ಹಾರೆ ತಗಂಬರ್ರಲಾ" ಎಂದರು.

ಮೊದಲ ಕಲ್ಲನ್ನು ಸಾಹೇಬರೇ ಮೀಟಿದರು. ತಾವೇ ನಿಂತು ಕಟ್ಟಿಸಿದ ಕೆಲಸ ಚೆನ್ನಾಗಿತ್ತು, ಸಿಮೆಂಟು ಬಿಡಲೊಲ್ಲದು. ಅವರ ಅಂಗೈ ಕಿತ್ತು ರಕ್ತ ಬಂತು. ಮೂರು ಗಂಟೆಯ ಹೊತ್ತಿಗೆ ವರಸೆ ಪೂರ್ತಿ ಹೋಗಿ, ಕೆಂಪು ನೀರು ಕೋಡಿಯ ಉದ್ದಕ್ಕೂ ಧುಮುಕತೊಡಗಿತು. ಈರಣ್ಣ ಅದನ್ನು ನೋಡಲಾರದೆ ಬೆನ್ನು ತಿರುಗಿಸಿ ನಿಂತರು. ಸಾಹೇಬರೂ ನೋಡಲಿಲ್ಲ.

ನಾಲ್ಕು ಗಂಟೆಗೆ ಮಳೆ ನಿಂತಿತು.

ನಿಂತಿದ್ದು ನಿಂತೇ ಹೋಯಿತು. ಮರುದಿನ ಬೆಳಿಗ್ಗೆ ಕಣ್ಣು ಕುಕ್ಕುವ ಬಿಸಿಲು. ಆ ವರ್ಷ ಮತ್ತೆ ಒಂದು ಹದ ಮಳೆಯೂ ಬೀಳಲಿಲ್ಲ. ಶುಕ್ರವಾರ ಬಾಗಿನಕ್ಕೆ ಬಂದ ದೊಡ್ಡವರು ಒಂದಡಿ ಇಳಿದ ಕೆರೆಯನ್ನು ನೋಡಿ ಮುಖ ಗಂಟಿಕ್ಕಿಕೊಂಡು ಹೋದರು. ಮಾರ್ಚ್ ತಿಂಗಳಲ್ಲಿ ಈರಣ್ಣನವರ ಕೊಳವೆಬಾವಿ ನಿಂತಾಗ ಅವರು ದಿನಾ ಬೆಳಿಗ್ಗೆ ಸಾಹೇಬರಿಗೆ ಫೋನ್ ಮಾಡಿ ಬಯ್ಯುತ್ತಿದ್ದರಂತೆ. ಅಷ್ಟರಲ್ಲಿ ನಿವೃತ್ತರಾಗಿದ್ದ ಸಾಹೇಬರು ಒಂದು ದಿನವೂ ಫೋನ್ ಎತ್ತದೆ ಇರಲಿಲ್ಲ.

ಆದೇಶವಿಲ್ಲದೆ ಸರ್ಕಾರಿ ಕಟ್ಟಡ ಕೆಡವಿದ್ದಕ್ಕೆ ಅವರಿಗೆ ನೋಟಿಸು ಬಂದಿತ್ತು. ಅದಾದರೂ ತಣ್ಣಗಾಗುತ್ತಿತ್ತೇನೋ. ಆದರೆ ಸುರಕ್ಷತಾ ವರದಿಯಲ್ಲಿ, ಕೋಡಿ ಏರಿಸಿದ್ದು ಯಾರು ಎನ್ನುವಲ್ಲಿ, ಅವರು ತಮ್ಮ ಕೈಯಾರೆ ಬರೆದರು: 'ಈ ವರಸೆಯನ್ನು ಕಟ್ಟಿಸಿದವನು ನಾನು. ಇದೇ ರೀತಿ ಇನ್ನೆರಡು ಕೆರೆಗಳಲ್ಲಿ ಕಟ್ಟಿಸಿದ್ದೇನೆ.' ಕೆಳಗೆ ಆ ಎರಡು ಊರಿನ ಹೆಸರು.

ನಾನು ಅತ್ತೇಬಿಟ್ಟೆ. "ಸಾರ್, ಅಪರಿಚಿತರು ಅಂತ ಬರೀರಿ. ಎಲ್ರೂ ಹಂಗೇ ಬರೀತಾರೆ."

"ಅಪರಿಚಿತರು ಅಂದ್ರೆ ಈ ಕೆರೆ ಫೈಲು ಇಲ್ಲಿಗೆ ಮುಚ್ತಾರಮ್ಮ. ಉಳಿದೆರಡನ್ನ ಯಾರು ಹೋಗಿ ನೋಡ್ತಾರೆ?"

ಆ ಎರಡು ಕೆರೆಗಳ ವರಸೆಯನ್ನು ಇಲಾಖೆ ಮಳೆಗಾಲಕ್ಕೆ ಮೊದಲೇ ಕೀಳಿಸಿತು. ಇವರ ಪಿಂಚಣಿಯನ್ನು ಒಂದೂವರೆ ವರ್ಷ ತಡೆಹಿಡಿದರು. ಅವರೇನು ಸಂತರಲ್ಲ. ಪಿಂಚಣಿ ವಿಚಾರಿಸಲು ಬಂದಾಗಲೆಲ್ಲ ಕಚೇರಿಯ ಬೆಂಚಿನ ಮೇಲೆ ಕುಳಿತು ತೆಲುಗಿನಲ್ಲಿ ಎಲ್ಲರನ್ನೂ ಬಯ್ಯುತ್ತಿದ್ದರು, ನನ್ನನ್ನೂ ಸೇರಿಸಿ. ಬಯ್ದು ಮುಗಿದ ಮೇಲೆ ಮನೆಯಿಂದ ತಂದ ಕಡಲೆಕಾಯಿ ಚಟ್ನಿಪುಡಿಯ ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟು ಪಾವಗಡದ ಬಸ್ಸಿಗೆ ಹೋಗುತ್ತಿದ್ದರು.

ನಿಜವಾದ ಮಳೆ ಬಂದದ್ದು ಎರಡು ವರ್ಷದ ಮೇಲೆ. ಅಂಥ ಮಳೆಯನ್ನು ನಾನು ಕಂಡಿರಲಿಲ್ಲ. ಬೆಳಿಗ್ಗೆ ಆ ಏರಿಯ ಮೇಲೆ ಹೋಗಿ ನಿಂತೆ. ನೀರು ಏರಿಯ ನೆತ್ತಿಗೆ ಒಂದು ಗೇಣು ಕೆಳಗಿತ್ತು. ಒಂದೇ ಗೇಣು. ಆ ವರಸೆ ಇದ್ದಿದ್ದರೆ ನೀರು ಏರಿ ದಾಟಿ, ಏರಿ ಕರಗಿ, ಲಕ್ಷ್ಮಕ್ಕನ ಮನೆಯ ಸಾಲು ಇರುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ನೀರು ಇಳಿಯಿತು. ನಾನು ಏರಿಯ ಮೇಲಿಂದಲೇ ಸಾಹೇಬರಿಗೆ ಫೋನ್ ಮಾಡಿ, "ಏರಿ ಉಳೀತು ಸಾರ್, ನೀವು ಉಳಿಸಿದ್ರಿ" ಎಂದು ಕೂಗಿದೆ. ಅವರು ಹಿಗ್ಗುತ್ತಾರೆ ಎಂದುಕೊಂಡಿದ್ದೆ.

"ಎಷ್ಟು ಉಳಿದಿತ್ತು?" ಎಂದರು.

"ಒಂದು ಗೇಣು ಸಾರ್."

"ಎರಡಡಿ ಉಳೀಬೇಕಿತ್ತಲ್ಲಮ್ಮ. ಇಷ್ಟು ನೀರು ಎಲ್ಲಿಂದ ಬಂತು? ಹೊಸ ರಸ್ತೆ ಕಡೆಯಿಂದಾನಾ?"

ಕೆರೆಯ ಮೇಲ್ಭಾಗದಲ್ಲಿ ಹೊಸ ರಸ್ತೆ ಎತ್ತರಿಸಿ ಕಟ್ಟಿದ್ದರು. ಪಕ್ಕದ ಹಳ್ಳದ ನೀರು ಆ ರಸ್ತೆಗೆ ತಾಗಿ ನಿಂತು, ರಸ್ತೆಯಡಿಯ ಮೋರಿಗಳಲ್ಲಿ ತಿರುಗಿ ಈ ಕೆರೆಗೆ ಬರುವಂತಾಗಿತ್ತು. ಲೆಕ್ಕ ಮಾಡುವಾಗ ಆ ರಸ್ತೆಯ ಮೇಲೆ ನಡೆದು ಮೋರಿಗಳನ್ನು ಎಣಿಸಿಕೊಂಡು ಬಾ ಎಂದು ಅವರು ನನ್ನನ್ನು ಕಳಿಸಿದ್ದರು. ನಾನು ಹೋಗಿರಲಿಲ್ಲ. ಬಿಸಿಲಿಗೆ ಹೆದರಿ ಬಸ್ಸಿನ ಕಿಟಕಿಯಿಂದ ನೋಡಿ, ಹಳೆಯ ನಕಾಶೆಯನ್ನೇ ಹಿಡಿದು ಲೆಕ್ಕ ಮುಗಿಸಿ, "ನಡೆದು ನೋಡಿದೆ ಸಾರ್, ಮೋರಿಗಳೇನೂ ಇಲ್ಲ" ಎಂದಿದ್ದೆ. ಅವರು ನಂಬಿ ಸಹಿ ಹಾಕಿದ್ದರು.

"ಹೌದು ಸಾರ್, ರಸ್ತೆ ಕಡೆಯಿಂದಲೇ" ಎಂದೆ.

ಅವರಿಗೆ ಅರ್ಥವಾಯಿತು. ಉಸಿರಿನಲ್ಲೇ ನನಗೆ ತಿಳಿಯಿತು. ಬಯ್ಯುತ್ತಾರೆಂದು ಕಾದೆ. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು.

"ಸರೇ. ಕೋಡಿ ಉದ್ದ ಮಾಡ್ಬೇಕು ಅಂತ ನಾಳೇನೇ ಬರಿ. ಹಳೇ ಲೆಕ್ಕ ತಪ್ಪು, ತಪ್ಪು ನಂದು ಅಂತಾನೂ ಬರಿ. ಸಹಿ ನಂದೇ ಇದೆಯಲ್ಲ. ನಿಂಗಿನ್ನೂ ಬಹಳ ವರ್ಷ ಸರ್ವೀಸಿದೆ."

ನಾನು ಹಾಗೆಯೇ ಬರೆದೆ. ಅವರ ಪಿಂಚಣಿ ಆಗತಾನೆ ಶುರುವಾಗಿತ್ತು. ಮತ್ತೊಂದು ನೋಟಿಸು ಹೋಯಿತು. ಕೋಡಿ ಉದ್ದವಾಯಿತು. ಒಬ್ಬ ನಿವೃತ್ತ ಅಧಿಕಾರಿಯ ಒಂದು ತಪ್ಪು ಎಂದು ಫೈಲು ಮುಚ್ಚಿದರು. ಅದಾದ ಮೇಲೂ ಅವರು ನನಗೆ ಎಂದಿನಂತೆ ಫೋನ್ ಮಾಡುತ್ತಿದ್ದರು, ಆ ಮಾತು ಮಾತ್ರ ಎತ್ತಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ನಾನೂ ದೂಡಿದೆ. ಈಗ ಅವರೇ ಇಲ್ಲ.

ತಿಥಿಯ ಊಟ ಮುಗಿಸಿ ಬಂದ ಮರುದಿನ ಬೆಳಿಗ್ಗೆ ಆ ರಸ್ತೆಗೆ ಹೋದೆ. ಈ ತುದಿಯಿಂದ ಆ ತುದಿಯವರೆಗೆ ನಡೆದೆ. ಮೋರಿಗಳು ಒಂಬತ್ತು. ನಡೆಯಲು ಹಿಡಿದದ್ದು ಒಂದು ಗಂಟೆ ಹತ್ತು ನಿಮಿಷ, ಅಷ್ಟೇ. ಆ ಬೇಸಿಗೆಯಲ್ಲಿ ನಾನು ಒಂದೇ ಕೆರೆಯ ಲೆಕ್ಕ ಮಾಡಿದವಳಲ್ಲ. ಅದೇ ರಸ್ತೆಯ ಪಕ್ಕ, ಅದೇ ಹಳೆಯ ನಕಾಶೆ ಹಿಡಿದು, ಎಲ್ಲಿಯೂ ನಡೆದು ನೋಡದೆ, ಇನ್ನೂ ಆರು ಕೆರೆಗಳಿಗೆ ಸುರಕ್ಷಿತ ಎಂದು ಬರೆದುಕೊಟ್ಟಿದ್ದೆ. ಆ ಆರರ ಏರಿಗಳ ಕೆಳಗೂ ಮನೆಗಳಿವೆ.

ಕಚೇರಿಗೆ ಬಂದು ಕಾಗದ ತೆಗೆದುಕೊಂಡೆ. ಲೆಕ್ಕ ಅವರದಲ್ಲ, ತಪ್ಪೂ ಅವರದಲ್ಲ ಎಂದು ಬರೆದೆ. ಅದರ ಕೆಳಗೆ ಆರು ಕೆರೆಗಳ ಹೆಸರು ಬರೆದೆ. ಅದರ ಕೆಳಗೆ ನನ್ನದು.